ಮೆದುಳಿನ ಅನ್ಯೂರಿಸಂ: ಒಂದು ಸಿಕ್ಕ ಮೇಲೆ ಇನ್ನೊಂದನ್ನು ಹುಡುಕುವುದು ಏಕೆ?

ಮೊದಲು ಲೆಕ್ಕ ಹೇಳಿಬಿಡುತ್ತೇನೆ. ಆಮೇಲೆ ಆ ಲೆಕ್ಕವನ್ನು ನಾನೇ ಸ್ವಲ್ಪ ಕೆದಕುತ್ತೇನೆ. ಮೆದುಳಿನ ರಕ್ತನಾಳದಲ್ಲಿ ಅನ್ಯೂರಿಸಂ, ಅಂದರೆ ನಾಳದ ಗೋಡೆ ಹೊರಗೆ ಉಬ್ಬಿದ ಒಂದು ಉಬ್ಬು, ಇರುವ 100 ಜನರಲ್ಲಿ ಸುಮಾರು 20ರಿಂದ 30 ಜನರಿಗೆ ಒಂದಕ್ಕಿಂತ ಜಾಸ್ತಿ ಇರುತ್ತವೆ. ಅಂದರೆ ನಾಲ್ಕೈದು ಜನರಲ್ಲಿ ಒಬ್ಬರಿಗೆ. ಆ ಒಬ್ಬರಲ್ಲೂ ಹೆಚ್ಚಿನವರಿಗೆ ಇರುವುದು ಎರಡು. ಮೂರು ಇರುವವರು ಕಡಿಮೆ. ನಾಲ್ಕೈದು ಇರುವವರು ಇನ್ನೂ ಕಡಿಮೆ, ಆದರೆ ಇಲ್ಲದೇ ಇಲ್ಲ.

ಇದನ್ನು ಹೇಳಿದ ಕೂಡಲೇ ಮನೆಯವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಡಾಕ್ಟ್ರೇ, ಮೊದಲು ಒಂದು ಅಂದ್ರಿ, ಈಗ ಎರಡು ಅಂತೀರಿ. ಹರಡ್ತಾ ಇದೆಯಾ?" ಇಲ್ಲ. ಅನ್ಯೂರಿಸಂ ಗೆಡ್ಡೆ ಅಲ್ಲ, ಕ್ಯಾನ್ಸರ್ ಅಲ್ಲ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವುದಿಲ್ಲ. ಎರಡನೆಯದು ಮೊದಲನೆಯದರಿಂದ ಹುಟ್ಟಿದ್ದಲ್ಲ. ಎಷ್ಟೋ ಸಲ ಎರಡೂ ಮೊದಲಿನಿಂದ ಅಲ್ಲೇ ಇರುತ್ತವೆ. ನಾವು ಒಂದನ್ನು ನೋಡಿದ ಮೇಲೆ ಇನ್ನೊಂದನ್ನು ನೋಡಿರುತ್ತೇವೆ, ಅಷ್ಟೇ.

ಹಾಗಾದರೆ ಇದು ಏನು? ಹಳೇ ಸೈಕಲ್ ಟ್ಯೂಬಿಗೆ ಗಾಳಿ ಹೊಡೆದಾಗ ಸವೆದ ಜಾಗದಲ್ಲಿ ಒಂದು ಬುಗುಟು ಏಳುತ್ತದೆ ನೋಡಿ, ಆ ಥರ. ರಕ್ತನಾಳದ ಗೋಡೆ ಎಲ್ಲಿ ಸೋತಿದೆಯೋ ಅಲ್ಲಿ ಒಳಗಿನ ಒತ್ತಡಕ್ಕೆ ಅದು ಹೊರಗೆ ಉಬ್ಬುತ್ತದೆ. ಟ್ಯೂಬು ಹಳೆಯದಾಗಿದ್ದರೆ ಒಂದೇ ಕಡೆ ಸವೆದಿರಬೇಕು ಅಂತೇನಿಲ್ಲ, ಅಲ್ವಾ? ಒಬ್ಬರಲ್ಲೇ ಎರಡು ಮೂರು ಉಬ್ಬು ಇರುವುದರ ಹಿಂದೆ ಇರುವುದು ಇಷ್ಟೇ ಸರಳ ವಿಚಾರ.

ಆದರೆ ಎಲ್ಲೆಂದರಲ್ಲಿ ಉಬ್ಬುವುದಿಲ್ಲ. ಅದಕ್ಕೆ ಜಾಗಗಳಿವೆ. ಕುತ್ತಿಗೆಯಲ್ಲಿ ಮುಂದೆ ಎರಡು, ಹಿಂದೆ ಎರಡು, ಒಟ್ಟು ನಾಲ್ಕು ದೊಡ್ಡ ರಕ್ತನಾಳಗಳು ಮೆದುಳಿಗೆ ಹತ್ತುತ್ತವೆ. ಮೆದುಳಿನ ಬುಡದಲ್ಲಿ ಅವು ಸಣ್ಣ ಕೊಂಡಿಗಳ ಮೂಲಕ ಕೂಡಿಕೊಂಡು ಒಂದು ಉಂಗುರ ಆಗುತ್ತದೆ. ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ ಎಂಬ ವೈದ್ಯ 1664ರಲ್ಲಿ ತನ್ನ ಪುಸ್ತಕದಲ್ಲಿ ಇದನ್ನು ವಿವರಿಸಿದ. ಇವತ್ತಿಗೂ ಅದು ವಿಲ್ಲಿಸ್‌ನ ಉಂಗುರ. ಇಲ್ಲೊಂದು ಮಾತು, ವಿಷಯಕ್ಕೆ ಅಷ್ಟೇನೂ ಸಂಬಂಧ ಇಲ್ಲ, ಆದರೂ ಹೇಳುತ್ತೇನೆ. ಆ ಪುಸ್ತಕಕ್ಕೆ ಚಿತ್ರ ಬರೆದವರಲ್ಲಿ ಒಬ್ಬ ಕ್ರಿಸ್ಟೋಫರ್ ರೆನ್. ಮುಂದೆ ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚ್ ಕಟ್ಟಿಸಿದ ಅದೇ ರೆನ್. ಆ ಚಿತ್ರ ಇವತ್ತು ನೋಡಿದರೂ ಬೆರಗಾಗುತ್ತದೆ. ಕ್ಯಾಮೆರಾ ಇಲ್ಲ, ಸ್ಕ್ಯಾನ್ ಇಲ್ಲ, ಬರೀ ಕಣ್ಣು ಮತ್ತು ಕೈ.

ಈ ಉಂಗುರದಲ್ಲಿ ನಾಳಗಳು ಕವಲೊಡೆಯುವ ಕಡೆ ರಕ್ತ ನೇರವಾಗಿ ಬಂದು ಗೋಡೆಗೆ ಬಡಿಯುತ್ತದೆ. ದಿನಕ್ಕೆ ಒಂದು ಲಕ್ಷ ಸಲ, ಪ್ರತಿ ಬಡಿತಕ್ಕೂ. ಅದರ ಮೇಲೆ ತಲೆಬುರುಡೆಯ ಒಳಗಿನ ರಕ್ತನಾಳಗಳ ಗೋಡೆಯೇ ತೆಳು. ದೇಹದ ಬೇರೆ ಕಡೆ ಇರುವ ಹೊರಗಿನ ಒಂದು ಎಲಾಸ್ಟಿಕ್ ಪದರ ಇವಕ್ಕೆ ಇಲ್ಲ. ಸುತ್ತ ಮಾಂಸಖಂಡದ ಆಸರೆಯೂ ಇಲ್ಲ, ಬರೀ ನೀರಿನಂಥ ದ್ರವ. ಹಾಗಾಗಿ ಉಬ್ಬು ಬರುವುದು ಬಹುತೇಕ ಇದೇ ಕವಲುಗಳಲ್ಲಿ. ಇನ್ನೊಂದು ವಿಷಯ ಗಮನಿಸಿ. ಉಂಗುರಕ್ಕೆ ಎಡ, ಬಲ ಎರಡೂ ಇದೆ. ಎಡಗಡೆಯ ಕವಲಿನಂಥದ್ದೇ ಬಲಗಡೆಯೂ ಇದೆ, ಅಲ್ಲೂ ರಕ್ತ ಅದೇ ಕೋನದಲ್ಲಿ ಬಡಿಯುತ್ತದೆ. ಆದ್ದರಿಂದ ಒಂದಕ್ಕಿಂತ ಜಾಸ್ತಿ ಇರುವ ಕೆಲವರಲ್ಲಿ ಎರಡೂ ಬದಿ ಒಂದೇ ಜಾಗದಲ್ಲಿ ಜೋಡಿ ಉಬ್ಬು ಕಾಣುತ್ತವೆ. ನಾವು ಅದನ್ನು ಮಿರರ್ ಅನ್ಯೂರಿಸಂ ಅನ್ನುತ್ತೇವೆ. ಕಿವಿಯ ಮೇಲ್ಭಾಗದ ನೇರಕ್ಕೆ ಒಳಗೆ ಹೋಗುವ ಮಿಡಲ್ ಸೆರೆಬ್ರಲ್ ನಾಳದ ಕವಲಿನಲ್ಲಿ ಇದು ಹೆಚ್ಚು.

ಈಗ ಲೆಕ್ಕಕ್ಕೆ ವಾಪಸ್. 20ರಿಂದ 30 ಅಂದೆನಲ್ಲ, ಯಾರಲ್ಲಿ? ಊರಿನ ಎಲ್ಲ ಜನರಲ್ಲಿ ಅಲ್ಲ. ಅನ್ಯೂರಿಸಂ ಇದೆ ಎಂದು ಗೊತ್ತಾದವರಲ್ಲಿ. ಇಲ್ಲಿ ಬಹಳ ಜನ ಎಡವುತ್ತಾರೆ. 21 ದೇಶಗಳ ಅಧ್ಯಯನಗಳನ್ನು ಒಟ್ಟು ಹಾಕಿ 2011ರಲ್ಲಿ ಒಂದು ಲೆಕ್ಕ ಬಂತು. ಸರಾಸರಿ 50 ವಯಸ್ಸಿನ, ಬೇರೆ ಕಾಯಿಲೆ ಇಲ್ಲದ ಜನರಲ್ಲಿ ನೂರಕ್ಕೆ ಸುಮಾರು 3 ಜನರಿಗೆ ಒಡೆಯದ ಅನ್ಯೂರಿಸಂ ಇರುತ್ತದೆ. ಅಂಥ ಒಂದು ಲಕ್ಷ ಜನರನ್ನು ತೆಗೆದುಕೊಳ್ಳಿ. ಸುಮಾರು 3000 ಜನರಿಗೆ ಅನ್ಯೂರಿಸಂ ಇದೆ. ಅವರಲ್ಲಿ 600ರಿಂದ 900 ಜನರಿಗೆ ಒಂದಕ್ಕಿಂತ ಜಾಸ್ತಿ. ಆದರೆ ಜಗತ್ತಿನ ಸರಾಸರಿ ನೋಡಿದರೆ, ಇಂಥ ಉಬ್ಬು ಒಡೆದು ರಕ್ತಸ್ರಾವ ಆಗುವುದು ಲಕ್ಷ ಜನಕ್ಕೆ ವರ್ಷಕ್ಕೆ ಹತ್ತಕ್ಕಿಂತ ಕಡಿಮೆ. 3000 ಎಲ್ಲಿ, ಹತ್ತು ಎಲ್ಲಿ! ಬಹುಪಾಲು ಉಬ್ಬುಗಳು ಏನೂ ಮಾಡದೆ ಸುಮ್ನೆ ಇದ್ದುಬಿಡುತ್ತವೆ. ಒಡೆದರೆ ಮಾತ್ರ ಕಷ್ಟ. ಒಡೆದವರಲ್ಲಿ ಮೂವರಲ್ಲಿ ಒಬ್ಬರು ಉಳಿಯುವುದಿಲ್ಲ ಅನ್ನುವಷ್ಟು ಕಷ್ಟ. ಈ ಎರಡೂ ಮಾತನ್ನು ಒಟ್ಟಿಗೆ ತಲೆಯಲ್ಲಿ ಇಟ್ಟುಕೊಳ್ಳಿ. ಒಂದನ್ನು ಬಿಟ್ಟು ಇನ್ನೊಂದನ್ನು ಮಾತ್ರ ಇಟ್ಟುಕೊಂಡರೆ ಒಂದೋ ಭಯ, ಇಲ್ಲವೇ ಉಡಾಫೆ.

ಇನ್ನು ಆ 20ರಿಂದ 30 ಅನ್ನುವುದು ಯಾಕೆ ಇಷ್ಟು ಅಗಲವಾಗಿದೆ? ಒಂದೇ ಸಂಖ್ಯೆ ಹೇಳಬಾರದಾ? ಹೇಳಕ್ಕಾಗಲ್ಲ. ಯಾರನ್ನು ನೋಡಿದ್ದೀರಿ, ಹೇಗೆ ನೋಡಿದ್ದೀರಿ ಅನ್ನುವುದರ ಮೇಲೆ ಅದು ಹೋಗುತ್ತದೆ. ಎರಡು ದೊಡ್ಡ ಅಧ್ಯಯನಗಳನ್ನು ಪಕ್ಕಪಕ್ಕ ಇಡುತ್ತೇನೆ.

ಜಪಾನಿನಲ್ಲಿ ಒಡೆಯದ ಅನ್ಯೂರಿಸಂ ಇರುವ 5720 ಜನರನ್ನು ಗಮನಿಸಿ 2012ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವರಲ್ಲಿ ಒಟ್ಟು 6697 ಉಬ್ಬುಗಳು. ಜನರಿಗಿಂತ ಉಬ್ಬು 977 ಜಾಸ್ತಿ. ಒಬ್ಬೊಬ್ಬರಿಗೆ ಒಂದೊಂದು ಹೆಚ್ಚು ಅಂತ ಹಂಚಿದರೂ 977 ಜನ, ಅಂದರೆ ನೂರಕ್ಕೆ 17. ಕೆಲವರಿಗೆ ಮೂರು, ನಾಲ್ಕು ಇದ್ದೇ ಇರುತ್ತವೆ, ಹಾಗಾಗಿ ನಿಜ ಇನ್ನೂ ಕಡಿಮೆ. ಅರೆ, 20 ಅಂದಿದ್ದೆನಲ್ಲ? ಇಲ್ಲಿ ನೋಡಬೇಕಾದ್ದು, ಅವರು 3 ಮಿಲಿಮೀಟರ್ ಮತ್ತು ಅದಕ್ಕಿಂತ ದೊಡ್ಡದನ್ನು ಮಾತ್ರ ಎಣಿಸಿದರು. ಎರಡು ಮಿಲಿಮೀಟರ್ ಚುಕ್ಕೆಗಳು ಲೆಕ್ಕಕ್ಕೇ ಬರಲಿಲ್ಲ. ಮೇಲಾಗಿ ಅವರಲ್ಲಿ ಹೆಚ್ಚಿನವರಿಗೆ ಯಾವ ತೊಂದರೆಯೂ ಇರಲಿಲ್ಲ, ಬೇರೆ ಯಾವುದೋ ಸ್ಕ್ಯಾನ್‌ನಲ್ಲಿ ಕಂಡದ್ದು.

ಇನ್ನೊಂದು ಅಮೆರಿಕ, ಕೆನಡಾ, ಯುರೋಪ್ ಸೇರಿ ಮಾಡಿದ್ದು, 2003ರಲ್ಲಿ ಬಂದದ್ದು. ಅದರಲ್ಲಿ ಚಿಕಿತ್ಸೆ ಇಲ್ಲದೆ ಗಮನದಲ್ಲಿಟ್ಟ 1692 ಜನರಲ್ಲಿ 615 ಜನರಿಗೆ ಹಿಂದೆ ಬೇರೊಂದು ಉಬ್ಬು ಒಡೆದು ರಕ್ತಸ್ರಾವ ಆಗಿತ್ತು. ಅಂದರೆ ಅಷ್ಟೂ ಜನರಿಗೆ ಜೀವನದಲ್ಲಿ ಕನಿಷ್ಠ ಎರಡು. ನೂರಕ್ಕೆ 36! ಒಡೆಯದ ಒಂದೇ ಉಬ್ಬನ್ನು ನೋಡುತ್ತಿದ್ದೇವೆ ಅಂದುಕೊಂಡರೂ ಆ ಜನ ಮೊದಲೇ ಬಹು ಉಬ್ಬಿನವರು. ಆರಿಸಿಕೊಂಡ ಗುಂಪು ಬೇರೆಯಾದರೆ ಸಂಖ್ಯೆಯೂ ಬೇರೆ. ಪತ್ರಿಕೆಯಲ್ಲೋ ಮೊಬೈಲಿನಲ್ಲೋ ಶೇಕಡಾವಾರು ಕಂಡರೆ ಮೊದಲು ಕೇಳಬೇಕಾದ ಪ್ರಶ್ನೆ, ಯಾರಲ್ಲಿ ಇಷ್ಟು?

ಮತ್ತೆ ಹೇಗೆ ನೋಡಿದ್ದೀರಿ ಅನ್ನುವುದು. ನಾಳದೊಳಗೆ ಬಣ್ಣದ ಔಷಧಿ ಬಿಟ್ಟು ಎಕ್ಸ್‌ರೇ ತೆಗೆಯುವ ಆಂಜಿಯೋಗ್ರಾಂ ಅನ್ನು ಮೆದುಳಿಗೆ ಮೊದಲು ಮಾಡಿದ್ದು 1927ರಲ್ಲಿ, ಲಿಸ್ಬನ್‌ನ ಎಗಾಸ್ ಮೋನಿಜ್. ಈಗ ತೊಡೆಸಂದಿನಿಂದಲೋ ಮಣಿಕಟ್ಟಿನಿಂದಲೋ ಸಣ್ಣ ನಳಿಕೆ ಹಾಕಿ ಮಾಡುತ್ತೇವೆ. ನಾಲ್ಕೂ ನಾಳಗಳನ್ನು ನೋಡಬೇಕು. ರಕ್ತ ಎಡಗಡೆ ಇದೆ ಅಂತ ಎಡಗಡೆ ಮಾತ್ರ ನೋಡಿ ಒಂದು ಸಿಕ್ಕಿತು ಅಂತ ನಿಲ್ಲಿಸಿದರೆ, ಬಲಗಡೆಯದು ಯಾರ ಲೆಕ್ಕಕ್ಕೂ ಬರುವುದಿಲ್ಲ. ಸಿ.ಟಿ. ಆಂಜಿಯೋಗ್ರಾಂನಲ್ಲಿ ಬಹಳ ಚಿಕ್ಕದು ತಪ್ಪಿಹೋಗಬಹುದು. ಸ್ಕ್ಯಾನ್ ಸೂಕ್ಷ್ಮ ಆದಷ್ಟೂ ಎರಡನೆಯದು ಸಿಗುವುದು ಜಾಸ್ತಿ. ಈಗ ಕಾಯಿಲೆ ಜಾಸ್ತಿ ಆಗಿಬಿಟ್ಟಿದೆ ಅಂತ ಅದರ ಅರ್ಥ ಅಲ್ಲ.

ಯಾರಲ್ಲಿ ಹೆಚ್ಚು? ಹೆಂಗಸರಲ್ಲಿ. ಒಂದೇ ಉಬ್ಬು ಕೂಡ ಗಂಡಸರಿಗಿಂತ ಹೆಂಗಸರಲ್ಲಿ ಜಾಸ್ತಿ, ಒಂದಕ್ಕಿಂತ ಹೆಚ್ಚು ಇರುವವರಲ್ಲಂತೂ ಆ ಅಂತರ ಇನ್ನೂ ಎದ್ದು ಕಾಣುತ್ತದೆ. ಐವತ್ತು ದಾಟಿದ ಮೇಲೆ, ಮುಟ್ಟು ನಿಂತ ಮೇಲೆ ಇದು ಹೆಚ್ಚು. ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನ್ ಕಡಿಮೆ ಆಗುವುದು ನಾಳದ ಗೋಡೆಗೆ ಒಳ್ಳೆಯದಲ್ಲ ಎಂದು ಕಾಣುತ್ತದೆ. ಆಮೇಲೆ ಬೀಡಿ, ಸಿಗರೇಟು. ಆಮೇಲೆ ಬಿ.ಪಿ. ಈ ಮೂರರಲ್ಲಿ ಮೊದಲನೆಯದನ್ನು ನಾವು ಬದಲಿಸಲಾಗದು, ಉಳಿದೆರಡನ್ನು ಬದಲಿಸಬಹುದು. ಮನೆತನದಲ್ಲಿ ಇದ್ದರೆ ಕೂಡ ಜಾಸ್ತಿ. ಕಿಡ್ನಿಯಲ್ಲಿ ನೀರುಗುಳ್ಳೆಗಳು ತುಂಬಿಕೊಳ್ಳುವ ವಂಶದ ಕಾಯಿಲೆ ಒಂದಿದೆ, ಪಾಲಿಸಿಸ್ಟಿಕ್ ಕಿಡ್ನಿ. ಅದು ಇರುವವರಲ್ಲಿ ನೂರಕ್ಕೆ ಸುಮಾರು 10 ಜನರಿಗೆ ಮೆದುಳಿನ ಅನ್ಯೂರಿಸಂ ಇರುತ್ತದೆ. ಕಿಡ್ನಿಗೂ ತಲೆಗೂ ಏನು ಸಂಬಂಧ ಅಂತ ಕೇಳುತ್ತೀರಿ. ದೋಷ ಇರುವ ಜೀನ್ ಕಿಡ್ನಿಯಲ್ಲೂ ಇದೆ, ರಕ್ತನಾಳದ ಗೋಡೆಯಲ್ಲೂ ಇದೆ. ಆಗಲೇ ಹೇಳಿದ್ದು ಇದನ್ನೇ. ಉಬ್ಬು ಹರಡುವುದಿಲ್ಲ, ಆದರೆ ಗೋಡೆಯನ್ನು ಸೋಲಿಸುವ ಕಾರಣ ಇಡೀ ಉಂಗುರಕ್ಕೆ ಒಂದೇ. ಸಿಗರೇಟಿನ ಹೊಗೆ ಎಡಗಡೆಯ ನಾಳಕ್ಕೆ ಮಾತ್ರ ಹೋಗುವುದಿಲ್ಲವಲ್ಲ.

ಈಗ ಇಬ್ಬರ ವಿಷಯ ಹೇಳುತ್ತೇನೆ. ಇಬ್ಬರೂ ತಮ್ಮ ಕಥೆಯನ್ನು ತಾವೇ ಬಹಿರಂಗವಾಗಿ ಹೇಳಿಕೊಂಡವರು.

ಮೊದಲನೆಯವರು ಜೋ ಬೈಡನ್. 1988ರ ಫೆಬ್ರವರಿಯಲ್ಲಿ ಅವರಿನ್ನೂ ಸೆನೆಟರ್, ವಯಸ್ಸು 45. ವಿಪರೀತ ತಲೆನೋವು ಬಂತು. ಅನ್ಯೂರಿಸಂನಿಂದ ರಕ್ತ ಸೋರಿತ್ತು. ವಾಲ್ಟರ್ ರೀಡ್ ಆಸ್ಪತ್ರೆಯಲ್ಲಿ ತಲೆ ತೆರೆದು ಆಪರೇಷನ್ ಮಾಡಿದರು. ಇನ್ನೊಂದು ಅನ್ಯೂರಿಸಂ ಇತ್ತು, ಅದು ಒಡೆದಿರಲಿಲ್ಲ. ಅದಕ್ಕೆ ಅದೇ ಮೇ ತಿಂಗಳಲ್ಲಿ ಎರಡನೇ ಆಪರೇಷನ್. ನಡುವೆ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿ ಅದೊಂದು ಬೇರೆ ಗಂಡಾಂತರ. ತಿಂಗಳುಗಟ್ಟಲೆ ಮನೆಯಲ್ಲಿದ್ದು ವಾಪಸ್ ಕೆಲಸಕ್ಕೆ ಬಂದರು. 2021ರಲ್ಲಿ ಅಮೆರಿಕದ ಅಧ್ಯಕ್ಷರಾದಾಗ 78 ವಯಸ್ಸು. ರಾಜಕೀಯ ನಿಮಗೆ ಹಿಡಿಸಲಿ ಬಿಡಲಿ, ಎರಡು ಅನ್ಯೂರಿಸಂ ಅಂದರೆ ಕಥೆ ಮುಗಿಯಿತು ಅಂದುಕೊಂಡು ಬರುವ ಮನೆಯವರಿಗೆ ನಾನು ಈ ಉದಾಹರಣೆ ಕೊಡುತ್ತೇನೆ.

ಎರಡನೆಯವರು ನಟಿ ಎಮಿಲಿಯಾ ಕ್ಲಾರ್ಕ್. 2011ರಲ್ಲಿ ಜಿಮ್‌ನಲ್ಲಿ ವ್ಯಾಯಾಮ ಮಾಡುತ್ತಿದ್ದಾಗ ಉಬ್ಬು ಒಡೆಯಿತು. ಆಗ ವಯಸ್ಸು 24. ಲಂಡನ್ನಿನಲ್ಲಿ ನಾಳದ ಒಳಗಿಂದ ಹೋಗಿ ತಂತಿಯ ಕಾಯಿಲ್ ತುಂಬಿ ಮುಚ್ಚಿದರು. ಆಗಲೇ ಇನ್ನೊಂದು ಬದಿಯಲ್ಲಿ ಚಿಕ್ಕದೊಂದು ಇದೆ ಅಂತ ಗೊತ್ತಾಯಿತು. ಅದು ಸುಮ್ಮನೆ ಇರಬಹುದು, ಸ್ಕ್ಯಾನ್ ಮಾಡುತ್ತಾ ನೋಡೋಣ ಎಂದರು. 2013ರಲ್ಲಿ ನೋಡಿದಾಗ ಅದು ದುಪ್ಪಟ್ಟು ಆಗಿತ್ತು. ನಾಳದ ಮೂಲಕ ಮಾಡಿದ ಚಿಕಿತ್ಸೆ ಕೈಕೊಟ್ಟು ರಕ್ತಸ್ರಾವ ಆಗಿ, ತಲೆ ತೆರೆಯಬೇಕಾಯಿತು. ಆಕೆ 2019ರಲ್ಲಿ ಇದನ್ನೆಲ್ಲ ಬರೆದರು.

ಇಬ್ಬರಿಗೂ ಎರಡೆರಡು. ಒಬ್ಬರಲ್ಲಿ ಎರಡನೆಯದನ್ನು ಮೂರೇ ತಿಂಗಳಲ್ಲಿ ಮುಗಿಸಿದರು, ಇನ್ನೊಬ್ಬರಲ್ಲಿ ಎರಡು ವರ್ಷ ಕಾದರು. ಯಾರು ಸರಿ? ಇಬ್ಬರು ವೈದ್ಯರೂ ಅಸಂಬದ್ಧವಾದದ್ದೇನೂ ಮಾಡಲಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಚಿಕ್ಕದನ್ನು ಮುಟ್ಟಿದರೂ ಅಪಾಯ ಇದೆ, ಬಿಟ್ಟರೂ ಇದೆ. ಯಾವುದು ಕಡಿಮೆ ಅಂತ ತೂಗಬೇಕು. ತೂಗುವಾಗ ಎಷ್ಟಿವೆ ಅನ್ನುವುದಕ್ಕಿಂತ ಯಾವುದು ಎಲ್ಲಿದೆ, ಎಷ್ಟು ದೊಡ್ಡದು ಅನ್ನುವುದೇ ಹೆಚ್ಚು ಮುಖ್ಯ.

ಇದು ಬರೀ ನನ್ನ ಮಾತಲ್ಲ. ಉಬ್ಬು ಒಡೆಯುವ ಸಾಧ್ಯತೆ ಲೆಕ್ಕ ಹಾಕಲು ಫೇಸಸ್ ಅನ್ನುವ ಒಂದು ಅಂಕಪಟ್ಟಿ ಇದೆ. 2014ರಲ್ಲಿ, 8382 ಜನರ ಮಾಹಿತಿ ಇಟ್ಟುಕೊಂಡು ಮಾಡಿದ್ದು. ಯಾವ ದೇಶದವರು, ಬಿ.ಪಿ. ಇದೆಯಾ, ವಯಸ್ಸು, ಉಬ್ಬಿನ ಗಾತ್ರ, ಹಿಂದೆ ಬೇರೊಂದು ಒಡೆದಿದೆಯಾ, ಎಲ್ಲಿದೆ. ಇವು ಆರು. ಎಷ್ಟು ಉಬ್ಬು ಇವೆ ಅನ್ನುವುದಕ್ಕೆ ಅದರಲ್ಲಿ ಅಂಕವೇ ಇಲ್ಲ. ಫಿನ್‌ಲ್ಯಾಂಡ್ ಮತ್ತು ಜಪಾನಿನವರಿಗೆ ಜಾಸ್ತಿ ಅಂಕ, ಅಲ್ಲಿ ಒಡೆಯುವುದು ಹೆಚ್ಚು.

ಆಗಲೇ ಹೇಳಿದ 2003ರ ಅಧ್ಯಯನದಲ್ಲಿ ಜಾಗ, ಗಾತ್ರ ಎಷ್ಟು ಲೆಕ್ಕಕ್ಕೆ ಬರುತ್ತದೆ ನೋಡಿ. ಹಿಂದೆ ರಕ್ತಸ್ರಾವ ಆಗಿರದವರಲ್ಲಿ, ಉಂಗುರದ ಮುಂಭಾಗದ 7ರಿಂದ 12 ಮಿಲಿಮೀಟರ್ ಉಬ್ಬು ಐದು ವರ್ಷದಲ್ಲಿ ಒಡೆಯುವ ಸಾಧ್ಯತೆ ಶೇ. 2.6. ಅದೇ ಗಾತ್ರದ್ದು ಹಿಂಭಾಗದಲ್ಲಿದ್ದರೆ ಶೇ. 14.5. ಮುಂಭಾಗದಲ್ಲಿ 7 ಮಿಲಿಮೀಟರ್‌ಗಿಂತ ಚಿಕ್ಕದಾಗಿದ್ದರೆ? ಆ ಅಧ್ಯಯನದಲ್ಲಿ ಸೊನ್ನೆ. ಆದರೆ ಅದೇ ಜಾಗ, ಅದೇ ಚಿಕ್ಕ ಗಾತ್ರ, ಹಿಂದೆ ಬೇರೊಂದು ಒಡೆದಿದ್ದ ವ್ಯಕ್ತಿ ಆದರೆ ಶೇ. 1.5. ದೊಡ್ಡ ಸಂಖ್ಯೆ ಅಲ್ಲ, ಆದರೆ ಸೊನ್ನೆಯೂ ಅಲ್ಲ. ಅಂದರೆ ಒಮ್ಮೆ ಒಡೆದವರಲ್ಲಿ ಉಳಿದ ಉಬ್ಬನ್ನು ನಾವು ಬೇರೆ ಕಣ್ಣಿನಿಂದ ನೋಡುತ್ತೇವೆ.

ಎಷ್ಟಿವೆ ಅನ್ನುವುದು ಲೆಕ್ಕಕ್ಕೇ ಇಲ್ಲ ಅಂತ ಹೇಳಿದರೆ ಅದೂ ಸುಳ್ಳಾಗುತ್ತದೆ. ಜಪಾನಿನಲ್ಲೇ 5 ಮಿಲಿಮೀಟರ್‌ಗಿಂತ ಚಿಕ್ಕ ಉಬ್ಬುಗಳನ್ನು ಮಾತ್ರ ಗಮನಿಸಿದ ಇನ್ನೊಂದು ಅಧ್ಯಯನ 2010ರಲ್ಲಿ ಬಂತು. ಒಂದೇ ಇದ್ದವರಲ್ಲಿ ವರ್ಷಕ್ಕೆ ಶೇ. 0.34 ಒಡೆದರೆ, ಒಂದಕ್ಕಿಂತ ಹೆಚ್ಚು ಇದ್ದವರಲ್ಲಿ ಶೇ. 0.95. ಹೆಚ್ಚುಕಡಿಮೆ ಮೂರು ಪಟ್ಟು. ಆದರೂ ನೋಡಿ, ನೂರಕ್ಕೆ ಒಂದನ್ನೂ ಮುಟ್ಟಿಲ್ಲ. "ಮೂರು ಪಟ್ಟು" ಅಂತ ಹೇಳಿ ಹೆದರಿಸಬಹುದು, "ನೂರಕ್ಕೆ ಒಂದೂ ಇಲ್ಲ" ಅಂತ ಹೇಳಿ ಸಮಾಧಾನ ಮಾಡಬಹುದು. ಎರಡೂ ಅದೇ ಲೆಕ್ಕ.

ನನಗೆ ಇವೆಲ್ಲಕ್ಕಿಂತ ಜಾಸ್ತಿ ಕಲಿಸಿದ್ದು ಫಿನ್‌ಲ್ಯಾಂಡಿನ ಹೆಲ್ಸಿಂಕಿಯ ಒಂದು ಅಧ್ಯಯನ. ಅಲ್ಲಿ 1979ಕ್ಕೆ ಮೊದಲು ಒಡೆಯದ ಅನ್ಯೂರಿಸಂಗೆ ಆಪರೇಷನ್ ಮಾಡುತ್ತಿರಲಿಲ್ಲ. ಒಡೆದದ್ದರ ಕುತ್ತಿಗೆಗೆ ಕ್ಲಿಪ್ ಹಾಕಿ ಮುಚ್ಚುವುದು, ಉಳಿದದ್ದನ್ನು ಹಾಗೇ ಬಿಡುವುದು. 1956ರಿಂದ 1978ರವರೆಗೆ ಗುರುತಿಸಿದ ಅಂಥ 142 ಜನರನ್ನು ದಶಕಗಟ್ಟಲೆ ಹಿಂಬಾಲಿಸಿದರು. ಒಟ್ಟು 181 ಒಡೆಯದ ಉಬ್ಬುಗಳು. 142ರಲ್ಲಿ 131 ಜನ ಮೊದಲೇ ಒಂದು ಒಡೆದು ಬದುಕುಳಿದವರು, ಅಂದರೆ ಬಹು ಉಬ್ಬಿನವರು. ನಮ್ಮ ಪ್ರಶ್ನೆಗೆ ಇದಕ್ಕಿಂತ ಹತ್ತಿರದ ಗುಂಪು ಸಿಗುವುದು ಕಷ್ಟ. ಇವತ್ತು ಇಂಥ ಅಧ್ಯಯನ ಮಾಡಲಾಗದು. ಯಾರೂ ಅಷ್ಟು ಜನರನ್ನು ಹಾಗೆ ಬಿಡುವುದಿಲ್ಲ. ಅವರಲ್ಲಿ ವರ್ಷಕ್ಕೆ ನೂರಕ್ಕೆ ಸುಮಾರು ಒಂದು ಒಡೆಯಿತು. ಹತ್ತು ವರ್ಷಕ್ಕೆ ಸುಮಾರು ಶೇ. 10, ಮೂವತ್ತು ವರ್ಷಕ್ಕೆ ಶೇ. 30. ಸಿಗರೇಟು ಸೇದುತ್ತಿದ್ದವರಲ್ಲಿ ಹೆಚ್ಚು.

ಇದರಿಂದ ಏನು ಅರ್ಥ ಆಗುತ್ತದೆ? ವಯಸ್ಸು. 35ರ ಹೆಣ್ಣುಮಗಳಿಗೆ ಮುಂದೆ ನಲವತ್ತು ವರ್ಷ ಇದೆ, ವರ್ಷಕ್ಕೆ ಒಂದರಂತೆ ಕೂಡಿಕೊಳ್ಳುತ್ತಾ ಹೋಗುತ್ತದೆ. ಅವರಿಗೆ ಉಳಿದ ಉಬ್ಬನ್ನೂ ಮುಚ್ಚಿಬಿಡಿ ಅನ್ನುವುದು ಸಹಜ. 78ರ ಅಜ್ಜನಿಗೆ 4 ಮಿಲಿಮೀಟರ್‌ನ ಎರಡು ಉಬ್ಬು ಆಕಸ್ಮಿಕವಾಗಿ ಸಿಕ್ಕಿದರೆ, ಅವರ ಮಕ್ಕಳು ಎಷ್ಟೇ ಒತ್ತಾಯ ಮಾಡಲಿ, ಬಿ.ಪಿ. ಮಾತ್ರೆ ಸರಿಯಾಗಿ ಕೊಡಿ, ಉಬ್ಬಿನ ಗೊಡವೆ ಬೇಡ ಎಂದೇ ನಾನು ಹೇಳುತ್ತೇನೆ.

ಒಡೆದು ಬಂದವರಲ್ಲಿ ಇನ್ನೊಂದು ತಲೆನೋವು ಇದೆ, ನಮ್ಮ ತಲೆನೋವು. ಎರಡು ಮೂರು ಇದ್ದರೆ ಒಡೆದದ್ದು ಯಾವುದು? ಮೊದಲು ಅದನ್ನೇ ಮುಚ್ಚಬೇಕು, ಯಾಕೆಂದರೆ ಅದು ಮತ್ತೆ ಒಡೆಯುವ ಅಪಾಯ ಮೊದಲ ದಿನಗಳಲ್ಲೇ ಅತಿ ಹೆಚ್ಚು. ಸಿ.ಟಿ.ಯಲ್ಲಿ ರಕ್ತ ಎಲ್ಲಿ ದಪ್ಪಗೆ ಕೂತಿದೆ ನೋಡುತ್ತೇವೆ. ಆಕಾರ ನೋಡುತ್ತೇವೆ. ದುಂಡಗೆ ನುಣ್ಣಗೆ ಇರುವುದಕ್ಕಿಂತ ಸೊಟ್ಟಗೆ, ಮೇಲೆ ಇನ್ನೊಂದು ಪುಟ್ಟ ಉಬ್ಬು ಇರುವುದರ ಮೇಲೆ ಅನುಮಾನ. ದೊಡ್ಡದರ ಮೇಲೂ ಅನುಮಾನ, ಆದರೆ ಚಿಕ್ಕದೇ ಒಡೆದಿರುವುದೂ ಉಂಟು. ಈಗ ನಾಳದ ಗೋಡೆಯನ್ನೇ ತೋರಿಸುವ ಎಂ.ಆರ್.ಐ. ಕೂಡ ಕೆಲವು ಕಡೆ ಇದೆ. ಎಲ್ಲ ನೋಡಿಯೂ ಖಾತ್ರಿ ಆಗದಿದ್ದರೆ, ಅನುಮಾನ ಇರುವುದನ್ನೆಲ್ಲ ಒಟ್ಟಿಗೆ ಮುಚ್ಚುವ ಪ್ರಯತ್ನ ಮಾಡುತ್ತೇವೆ.

ಮುಚ್ಚುವುದು ಎರಡು ಥರ. ತಲೆ ತೆರೆದು ಉಬ್ಬಿನ ಕುತ್ತಿಗೆಗೆ ಕ್ಲಿಪ್ ಹಾಕುವುದು, ವಾಲ್ಟರ್ ಡ್ಯಾಂಡಿ 1937ರಲ್ಲಿ ಶುರು ಮಾಡಿದ್ದು. ನಾಳದ ಒಳಗಿಂದ ಹೋಗಿ ಪ್ಲಾಟಿನಂ ತಂತಿಯ ಕಾಯಿಲ್ ತುಂಬುವುದು, ಗುಯಿಡೋ ಗುಗ್ಲಿಯೆಲ್ಮಿ 1990ರ ಸುಮಾರಿಗೆ ತಂದದ್ದು. ಒಂದಕ್ಕಿಂತ ಜಾಸ್ತಿ ಇದ್ದಾಗ ಈ ಆಯ್ಕೆಗೆ ಬೇರೆಯೇ ಅರ್ಥ ಬರುತ್ತದೆ. ಒಂದೇ ಬದಿಯಲ್ಲಿದ್ದರೆ ಒಂದೇ ಸಲ ತಲೆ ತೆರೆದು ಎರಡಕ್ಕೂ ಕ್ಲಿಪ್ ಹಾಕಬಹುದು. ಎದುರು ಬದಿಯದ್ದಕ್ಕೆ ಸಾಮಾನ್ಯವಾಗಿ ಇನ್ನೊಂದು ಆಪರೇಷನ್. ನಾಳದ ಒಳಗಿಂದ ಹೋದರೆ ಎಡ, ಬಲ ಎರಡನ್ನೂ ಒಂದೇ ಕೂತಲ್ಲಿ ಮಾಡಲು ಸಾಧ್ಯ. ಒಂದೇ ನಾಳದ ಮೇಲೆ ಸಾಲಾಗಿ ಇದ್ದರೆ ನಾಳದ ಒಳಗೆ ಕೂರಿಸುವ ಒಂದೇ ಜಾಲರಿ ಕೊಳವೆಯಿಂದ ಎರಡನ್ನೂ ಮುಚ್ಚಬಹುದು.

ಮನೆಯಲ್ಲಿ ನೆನಪಿಡಬೇಕಾದ ಲಕ್ಷಣ ಎರಡು. ಜೀವನದಲ್ಲೇ ಬಂದಿರದಂಥ ತಲೆನೋವು ದಿಢೀರನೆ, ಕ್ಷಣದಲ್ಲಿ ತಾರಕಕ್ಕೆ ಹೋದರೆ, ಜೊತೆಗೆ ವಾಂತಿಯೋ ಕುತ್ತಿಗೆ ಬಿಗಿತವೋ ಇದ್ದರೆ, ಮಾತ್ರೆ ನುಂಗಿ ಮಲಗಬೇಡಿ. ನೇರ ಸಿ.ಟಿ. ಇರುವ ಆಸ್ಪತ್ರೆಗೆ. ಇನ್ನೊಂದು, ಒಂದು ಕಣ್ಣಿನ ರೆಪ್ಪೆ ಇದ್ದಕ್ಕಿದ್ದಂತೆ ಜೋತುಬಿದ್ದು ಪಾಪೆ ದೊಡ್ಡದಾದರೆ. ಕಣ್ಣಿನ ನರದ ಪಕ್ಕ ಉಬ್ಬು ಬೆಳೆದು ಒತ್ತುತ್ತಿರಬಹುದು. ಅದೂ ಅವತ್ತೇ ತೋರಿಸಬೇಕಾದದ್ದು.

ಅಲ್ಲಿ ಹಿಂದೆ ಕೂತಿರುವವರು ಚೀಟಿ ಕಳಿಸಿದ್ದಾರೆ. "ನಮ್ಮ ಅಮ್ಮನಿಗೆ ಮೂರು ಸಿಕ್ಕಿವೆ, ನಾವು ಮಕ್ಕಳೆಲ್ಲ ಸ್ಕ್ಯಾನ್ ಮಾಡಿಸಬೇಕಾ?" ಅಮ್ಮನಿಗೆ ಮೂರಿವೆ ಅನ್ನುವ ಕಾರಣಕ್ಕೇ ಬೇಕು ಅಂತಿಲ್ಲ. ಇಲ್ಲೂ ಎಣಿಸಬೇಕಾದ್ದು ಉಬ್ಬುಗಳನ್ನಲ್ಲ, ಜನರನ್ನು. ಅಪ್ಪ, ಅಮ್ಮ, ಅಣ್ಣ, ತಮ್ಮ, ಅಕ್ಕ, ತಂಗಿ, ಮಕ್ಕಳು, ಇವರಲ್ಲಿ ಇಬ್ಬರು ಅಥವಾ ಹೆಚ್ಚು ಜನರಿಗೆ ಅನ್ಯೂರಿಸಂ ಇದ್ದರೆ ಉಳಿದವರು ಮಾಡಿಸಿಕೊಳ್ಳಿ ಎನ್ನುತ್ತೇವೆ. ಪಾಲಿಸಿಸ್ಟಿಕ್ ಕಿಡ್ನಿ ಇದ್ದು ಮನೆಯಲ್ಲಿ ಒಬ್ಬರಿಗೆ ಅನ್ಯೂರಿಸಂ ಇದ್ದರೂ ಮಾಡಿಸಿ. ಎಂ.ಆರ್.ಐ. ಯಂತ್ರದಲ್ಲೇ ರಕ್ತನಾಳ ನೋಡುವ ಎಂ.ಆರ್. ಆಂಜಿಯೋಗ್ರಾಂ ಸಾಕು. ಸೂಜಿ ಇಲ್ಲ, ಎಕ್ಸ್‌ರೇ ಇಲ್ಲ. ಒಂದು ಸಲ ಏನೂ ಇಲ್ಲ ಅಂತ ಬಂದರೂ ಅಂಥ ಮನೆಗಳವರು ಕೆಲವು ವರ್ಷಕ್ಕೊಮ್ಮೆ ಮತ್ತೆ ನೋಡಿಸಿಕೊಳ್ಳಬೇಕು, ಹೊಸದು ಆಮೇಲೆ ಬರಬಹುದು. ಮತ್ತೆ ನಿಮ್ಮ ಅಮ್ಮನನ್ನು ಕರೆದುಕೊಂಡು ಬರುವಾಗ ರಿಪೋರ್ಟ್ ಹಾಳೆ ಒಂದನ್ನೇ ತರಬೇಡಿ, ಹಳೆಯ ಸ್ಕ್ಯಾನಿನ ಸಿ.ಡಿ. ತನ್ನಿ. ಹೋದ ವರ್ಷ 4 ಮಿಲಿಮೀಟರ್ ಅಂತ ಒಬ್ಬರು, ಈ ವರ್ಷ 5 ಅಂತ ಇನ್ನೊಬ್ಬರು ಬರೆದಿದ್ದರೆ, ಅದು ಬೆಳೆದಿದೆಯೋ ಅಳತೆ ಬೇರೆಯಾಗಿದೆಯೋ ಎಂದು ಎರಡೂ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡದೆ ಹೇಳಲಾಗದು. ಮೂರು ಉಬ್ಬು ಇರುವವರಲ್ಲಿ ಇದನ್ನು ಮೂರು ಸಲ ನೋಡಬೇಕು.